ಮೌನಮ್ಮ ಬಾಯಿ ಬಿಟ್ಟಾಗ

ಬಾಗಿಲಿಗೆ ಮೂರನೇ ಒದೆ ಬಿತ್ತು.

ಚಿಲಕದ ಒಂದು ಸ್ಕ್ರೂ ಹಾರಿ ನನ್ನ ಶೂ ಪಕ್ಕ ಬಂದು ಬಿತ್ತು. ಇನ್ನು ಉಳಿದದ್ದು ಎರಡು.

ನಾನು ಬಾಗಿಲಿಗೆ ಬೆನ್ನು ಕೊಟ್ಟು, ಎದುರು ಗೋಡೆಗೆ ಕಾಲು ಒತ್ತಿ ನಿಂತಿದ್ದೆ. ರೂಮು ಅಷ್ಟು ಚಿಕ್ಕದು. ಬಸ್ ಸ್ಟ್ಯಾಂಡಿನ ಅನೌನ್ಸ್‌ಮೆಂಟ್ ಬೂತ್. ಒಂದು ಮೇಜು, ಒಂದು ಮೈಕು, ಒಂದು ಟೇಬಲ್ ಫ್ಯಾನು, ಒಬ್ಬ ಹೆಂಗಸು. ಇದ್ದದ್ದೊಂದು ಕಿಟಕಿ, ಅದಕ್ಕೂ ಒಳಗಿನಿಂದ ಬಸ್ಸಿನ ಟೈಮ್ ಚಾರ್ಟ್ ಅಂಟಿಸಿದ್ದರು.

"ಒಳಗಿದ್ದೀಯ ಅಂತ ಗೊತ್ತು ಕಣೋ," ಅಂದ ಹೊರಗಿನವನು. "ಸುಮ್ನೆ ತೆಗಿ. ನಿನ್ನ ಮೇಲೆ ನಂಗೇನೂ ಸಿಟ್ಟಿಲ್ಲ."

"ಮತ್ತೆ ಯಾಕೆ ಒದೀತಿದ್ದೀಯ?"

"ಬಾಗಿಲ ಮೇಲೆ ಸಿಟ್ಟು."

ಅವನಿಗೆ ಗುಬ್ಬಿ ಅಂತ ಹೆಸರು. ನೂರಾ ಹತ್ತು ಕೇಜಿ ಇದ್ದಾನೆ. ಹೆಸರಿಟ್ಟವರು ಹುಟ್ಟಿದ ದಿನ ನೋಡಿದವರು, ಆಮೇಲೆ ನೋಡಿಲ್ಲ ಅಂತ ಕಾಣುತ್ತೆ.

ಮೈಕಿನ ಮುಂದಿದ್ದ ಹೆಂಗಸು ಒಂದು ಕೈಯಲ್ಲಿ ನನಗೆ 'ತಾಳು' ಅಂತ ಸನ್ನೆ ಮಾಡಿ ಬಟನ್ ಒತ್ತಿದರು.

"ಪ್ರಯಾಣಿಕರೇ, ದಯವಿಟ್ಟು ಗಮನಿಸಿ. ಹಳೇ ಸೇತುವೆ ಮಾರ್ಗವಾಗಿ ಆಸ್ಪತ್ರೆ ವೃತ್ತಕ್ಕೆ ಹೋಗುವ ಬಸ್ಸು ಮೂರನೇ ಪ್ಲಾಟ್‌ಫಾರ್ಮಿಗೆ ಬರಲಿದೆ."

"ಅಮ್ಮ... ಈಗ ಬೇಕಾ ಅದು?"

"ನಾಲ್ಕು ಹತ್ತರ ಬಸ್ಸು ತಮ್ಮ. ಜನ ಕಾಯ್ತಿರ್ತಾರೆ."

ಈ ಹೆಂಗಸು ಹನ್ನೊಂದು ವರ್ಷದಿಂದ ಒಂದಕ್ಷರ ಮಾತಾಡಿಲ್ಲ ಅಂತ ಇಡೀ ಊರು ನಂಬಿತ್ತು. ಇವರ ಫೋಟೋ ಸಾವಿರಾರು ಮನೆಗಳ ಗೋಡೆ ಮೇಲಿತ್ತು. ಕೆಳಗೆ ದಪ್ಪಕ್ಷರದಲ್ಲಿ ಒಂದೇ ಪದ: ಮೌನಮ್ಮ.

ತಾಳಿ, ಮೊದಲಿಂದ ಹೇಳ್ತೀನಿ. ಇಲ್ಲದಿದ್ರೆ ನಿಮಗೆ ತಲೆಬುಡ ತಿಳಿಯಲ್ಲ.

ನಾನು ಹದಿನಾಲ್ಕು ವರ್ಷ ಕೋರ್ಟಿನ ಸಮನ್ಸ್ ಹಂಚಿದವನು. ಮನೆಯಲ್ಲಿದ್ದೂ ಇಲ್ಲ ಅಂತ ಹೇಳಿಸುವವರನ್ನ ಹಿಡಿದು ಕೈಗೆ ಕಾಗದ ತುರುಕೋದೇ ಕೆಲಸ. ಮಂಚದ ಕೆಳಗೆ, ನೀರಿನ ಟ್ಯಾಂಕಿನೊಳಗೆ, ಒಂದು ಸಲ ಹೆಂಡತಿಯ ಸೀರೆ ಉಟ್ಕೊಂಡು ಹೊಲಿಗೆ ಮಿಷನ್ ಮುಂದೆ ಕೂತಿದ್ದವನನ್ನೂ ಹಿಡಿದಿದ್ದೀನಿ. ಕೆಲಸ ಬಿಟ್ಟ ಮೇಲೆ ಝೆರಾಕ್ಸ್ ಅಂಗಡಿ ಮೇಲೆ ಒಂದು ರೂಮು ಮಾಡಿ ಅದನ್ನೇ ಮುಂದುವರಿಸಿದೆ. ಕಳೆದುಹೋದವರನ್ನ ಹುಡುಕಿಕೊಡೋದು.

ಸೋಮವಾರ ಬೆಳಿಗ್ಗೆ ಮೌನಮ್ಮನ ಹೆಸರಿನ ಟ್ರಸ್ಟ್ ನಡೆಸೋ ಟ್ರಸ್ಟಿ ಬಂದ. ಬೂದು ಬಣ್ಣದ ಉದ್ದ ಅಂಗಿ. ಒಳಗೆ ಬಂದವನೇ ತುಟಿ ಮೇಲೆ ಬೆರಳಿಟ್ಟ. ಒಂದನೇ ಕ್ಲಾಸಿನ ಮೇಷ್ಟ್ರ ಹಾಗೆ. ನಾನು ಬೆಚ್ಚಿ ಬಾಯಿ ಮುಚ್ಚಿದೆ. ಆಮೇಲೆ ಗೊತ್ತಾಯ್ತು, ಅವರಲ್ಲಿ ಅದು ನಮಸ್ಕಾರ.

"ಅಮ್ಮ ಹಲ್ಲಿನ ಡಾಕ್ಟರ್ ಹತ್ತಿರ ಹೋದವರು ವಾಪಸ್ ಬಂದಿಲ್ಲ," ಅಂದ. "ಹತ್ತೊಂಬತ್ತು ದಿನ ಆಯ್ತು."

"ಪೊಲೀಸ್ ಕಂಪ್ಲೇಂಟ್?"

"ದೇವರು ಕಳೆದುಹೋಗಿದೆ ಅಂತ ಯಾರಾದ್ರೂ ಕಂಪ್ಲೇಂಟ್ ಕೊಡ್ತಾರಾ?"

ಮಾತಲ್ಲಿ ಹುರುಳಿತ್ತು.

"ನೀವು ಅವರಿಗೆ ಏನಾಗಬೇಕು?"

"ಮೊದಲು ಭಾವ. ಅವರು ನನ್ನ ತಮ್ಮನ ಹೆಂಡತಿ. ಈಗ ಅವರ ದಾಸ." ಹೇಳುವಾಗ ಕಣ್ಣು ತಗ್ಗಿಸಿದ. ಚೆನ್ನಾಗಿ ಪ್ರಾಕ್ಟೀಸ್ ಆಗಿತ್ತು. "ಬೆಟ್ಟ, ಕಾಡು, ಲೈಬ್ರರಿ, ಸ್ಮಶಾನ... ಸದ್ದಿಲ್ಲದ ಜಾಗ ಒಂದೂ ಬಿಟ್ಟಿಲ್ಲ. ಶುಕ್ರವಾರದೊಳಗೆ ಅಮ್ಮ ಬೇಕು. ಶುಕ್ರವಾರ ದೊಡ್ಡ ಕಾರ್ಯಕ್ರಮ ಇದೆ."

ಎಂಥ ಕಾರ್ಯಕ್ರಮ ಅಂತ ನಾನು ಕೇಳಲಿಲ್ಲ. ಅದೇ ನಾನು ಮಾಡಿದ ತಪ್ಪು.

ಹಲ್ಲಿನ ಡಾಕ್ಟರ್ ಕೂಡ ಭಕ್ತ. ನನ್ನ ನೋಡಿದ ಕೂಡಲೇ ಬೆರಳು ತುಟಿಗೆ ಹೋಯ್ತು. ನಾನು ಬಾಗಿಲು ಹಾಕಿ ಪೇಶೆಂಟ್ ಕುರ್ಚಿಯಲ್ಲಿ ಅವನನ್ನೇ ಕೂರಿಸಿದೆ. ಮೇಲಿನ ಲೈಟ್ ಹಾಕಿದೆ. ಮುಟ್ಟಲೇ ಇಲ್ಲ. ಆ ಕುರ್ಚಿಯಲ್ಲಿ ಕೂತರೆ ಎಂಥವನಿಗೂ ಭಯ, ಅವನಿಗೂ.

"ಡ್ರಿಲ್ ನರಕ್ಕೆ ತಾಗಿತು," ಅಂದ. "ಅಮ್ಮ... ಬೈದುಬಿಟ್ರು."

"ಏನಂತ?"

"ನನ್ನ ತಾಯಿ, ತಾಯಿಯ ತಾಯಿ, ಇಬ್ಬರನ್ನೂ ಸೇರಿಸಿ."

"ಆಮೇಲೆ?"

"ಅವರೇ ಗಾಬರಿ ಆದ್ರು. ಗಂಟಲು ಮುಟ್ಟಿ ನೋಡ್ಕೊಂಡ್ರು. ಇನ್ನೊಂದು ಸಲ ಬೈದ್ರು, ಈ ಸಲ ನಗ್ತಾ. ಎದ್ದು ಹಿಂದಿನ ಬಾಗಿಲಿಂದ ಹೋದ್ರು. ನಾನು ಯಾರಿಗೂ ಹೇಳಿಲ್ಲ ಸಾರ್. ದೇವರನ್ನ ಬೈಯೋ ಹಾಗೆ ಮಾಡಿದವನು ಅಂತ ನನ್ನ ಕ್ಲಿನಿಕ್‌ಗೆ ಬೆಂಕಿ ಇಡ್ತಾರೆ."

"ಧ್ವನಿ ಹೇಗಿತ್ತು?"

ಅವನು ಕಣ್ಣು ಮುಚ್ಚಿ ನೆನಪಿಸಿಕೊಂಡ. "ಬಸ್ ಸ್ಟ್ಯಾಂಡಿನಲ್ಲಿ ಹೇಳ್ತಾರಲ್ಲ, ಹಾಗೆ. ಬೈಗುಳ ಕೂಡ ಬಿಡಿಸಿ ಬಿಡಿಸಿ."

ಸದ್ದಿಲ್ಲದ ಜಾಗದಲ್ಲೆಲ್ಲ ಹುಡುಕಿದ್ರು ಮುಠ್ಠಾಳರು. ಹನ್ನೊಂದು ವರ್ಷ ಉಪವಾಸ ಇದ್ದವರು ತಪ್ಪಿಸಿಕೊಂಡರೆ ಹೋಗೋದು ಅನ್ನ ಇರೋ ಕಡೆಗೆ.

ಬುಧವಾರ ಮಧ್ಯಾಹ್ನ ನಾನು ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಕೇಳ್ತಾ ಇದ್ದೆ. ಮೇಲಿನ ಸ್ಪೀಕರಿನಿಂದ ಧ್ವನಿ ಬರ್ತಿತ್ತು. ತೊಳೆದ ಸಿಮೆಂಟ್ ನೆಲದ ಹಾಗೆ ಶುದ್ಧ. ಎದುರಿನ ಕಂಬದ ಮೇಲೆ ಮೌನಮ್ಮನ ಪೋಸ್ಟರ್. ಅದರ ಕೆಳಗೆ ನಿಂತು ಜನ ಅದೇ ಮೌನಮ್ಮ ಹೇಳಿದ ಬಸ್ಸಿಗೆ ಓಡ್ತಿದ್ರು. ಮುಖ ಎಲ್ಲರಿಗೂ ಗೊತ್ತು, ಧ್ವನಿ ಯಾರಿಗೂ ಗೊತ್ತಿಲ್ಲ. ಗುರುತು ಹಿಡಿಯಬೇಕಿದ್ದವನು ಒಬ್ಬನೇ, ಟ್ರಸ್ಟಿ. ಅವನು ಬಸ್ ಹತ್ತೋದು ಬಿಟ್ಟು ಹನ್ನೊಂದು ವರ್ಷ ಆಗಿತ್ತು.

ಬೂತಿನ ಬಾಗಿಲು ಅರ್ಧ ತೆಗೆದಿತ್ತು. ಊಟದ ಡಬ್ಬಿ ಮುಚ್ಚುತ್ತಿದ್ದ ಮುಖ ನೋಡಿದೆ, ಸಾಕು. ಸದ್ದು ಮಾಡದೆ ಹೊರಟೆ. ಮೌನಮ್ಮನ ಭಕ್ತರು ಸೇರೋ ಹಾಲ್‌ಗೆ ಹೋಗಿ ಟ್ರಸ್ಟಿಗೆ ಎಲ್ಲಿ, ಯಾವ ರೂಮು, ಎಷ್ಟು ಗಂಟೆವರೆಗೆ ಡ್ಯೂಟಿ... ಎಲ್ಲ ವಿವರವಾಗಿ ಹೇಳಿದೆ. ಬೆನ್ನು ತಟ್ಟಿಸಿಕೊಂಡು ಹೊರಗೆ ಬಂದೆ.

ಹಿತ್ತಲಿನಲ್ಲಿ ಕಲ್ಲು ಕೆತ್ತುವವನೊಬ್ಬ ಕೂತಿದ್ದ. ಮುಂದೆ ಕರಿ ಕಲ್ಲಿನ ದೊಡ್ಡ ಹಲಗೆ. ಮೌನಮ್ಮ ಅಂತ ಹೆಸರು, ಹುಟ್ಟಿದ ವರ್ಷ, ಒಂದು ಗೀಟು, ಆಮೇಲೆ ಒಂದು ತಾರೀಖು.

ಈ ವಾರದ ಶುಕ್ರವಾರದ ತಾರೀಖು.

"ಯಾರು ತೀರ್ಕೊಂಡಿದ್ದು?" ಅಂದೆ.

"ಇನ್ನೂ ಇಲ್ಲ." ಅವನು ತಲೆ ಎತ್ತಲಿಲ್ಲ. "ಅಮ್ಮ ಶುಕ್ರವಾರ ಶಾಶ್ವತ ಮೌನಕ್ಕೆ ಹೋಗ್ತಾರಂತೆ. ಅಪರೂಪದ ಪಾರ್ಟಿ ಸಾರ್, ಮುಂಚೆನೇ ಡೇಟ್ ಕೊಟ್ಟಿದ್ದಾರೆ. ಮಿಕ್ಕವರೆಲ್ಲ ಸತ್ತ ಮೇಲೆ ಅರ್ಜೆಂಟ್ ಅಂತ ಬರ್ತಾರೆ."

ಅವನ ಹಿಂದೆ ಹೊಸದಾಗಿ ಕಟ್ಟಿದ ಒಂದು ಕೋಣೆ. ಕಿಟಕಿ ಇಲ್ಲ. ಬಾಗಿಲಿರಬೇಕಾದ ಜಾಗ ಖಾಲಿ. ಪಕ್ಕದಲ್ಲಿ ಅದನ್ನ ಮುಚ್ಚೋಕೆ ಅಂತಲೇ ಇಟ್ಟಿಗೆ ಜೋಡಿಸಿಟ್ಟಿದ್ದರು.

ಓಡಿ ಹೋದ ದೇವರು ನಾಳೆ ಮಾತಾಡಬಹುದು. ಗೋಡೆಯೊಳಗಿನ ದೇವರಿಗೆ ಆ ರೋಗ ಇಲ್ಲ.

ಮುಂದಿನ ಗೇಟಿನಲ್ಲಿ ಟ್ರಸ್ಟಿಯ ಆಳು ಗುಬ್ಬಿ ವ್ಯಾನ್ ಸ್ಟಾರ್ಟ್ ಮಾಡಿದ್ದು ಕೇಳಿಸಿತು. ನಾನು ಸ್ಕೂಟರ್ ಒದ್ದೆ. ಅವನಿಗೆ ಮೇನ್ ರೋಡು, ನನಗೆ ಸಂದಿಗಳು. ಹದಿನಾಲ್ಕು ವರ್ಷ ಸಮನ್ಸ್ ಹಿಡ್ಕೊಂಡು ತಿರುಗಿದ ಸಂದಿಗಳು. ದಾರಿಯಲ್ಲೇ ಪೊಲೀಸರಿಗೆ ಫೋನ್ ಮಾಡಿದೆ.

"ಯಾರ ಕೊಲೆ ಆಗಿದೆ?" ಅಂದ ಆ ಕಡೆಯವನು.

"ಶುಕ್ರವಾರ ಆಗುತ್ತೆ."

"ಹಾಗಿದ್ರೆ ಶನಿವಾರ ಮಾಡಿ." ಇಟ್ಟುಬಿಟ್ಟ.

ಗುಬ್ಬಿಗಿಂತ ಆರು ನಿಮಿಷ ಮುಂಚೆ ಮುಟ್ಟಿದೆ. ಬೂತಿಗೆ ನುಗ್ಗಿ ಚಿಲಕ ಹಾಕಿ ವಿಷಯ ಹೇಳಿದೆ. ನಾನೇ ತೋರಿಸಿಕೊಟ್ಟಿದ್ದು ಅಂತಲೂ ಹೇಳಿದೆ.

"ಒಪ್ಪಿಕೊಂಡೆಯಲ್ಲ, ಪರವಾಗಿಲ್ಲ," ಅಂದರು ಮೌನಮ್ಮ. "ನಮ್ಮ ಕಡೆ ಯಾರೂ ಒಪ್ಪಿಕೊಳ್ಳಲ್ಲ."

ಆ ಆರು ನಿಮಿಷದಲ್ಲಿ ಅವರು ಉಸಿರು ತಗೊಂಡದ್ದು ಮೂರು ಸಲ ಇರಬಹುದು. ಮಿಕ್ಕದ್ದೆಲ್ಲ ಮಾತು.

ಮೊದಲು ಅವರು ಇದೇ ಬೂತಿನಲ್ಲಿದ್ದವರು. ಗಂಟಲಲ್ಲಿ ಗಂಟಾಯ್ತು. ಆಪರೇಷನ್. ಆರು ತಿಂಗಳು ಮಾತಾಡಬೇಡಿ ಅಂದ್ರು ಡಾಕ್ಟರು. ಮನೆಯಲ್ಲಿ ಸುಮ್ಮನೆ ಕೂತಿದ್ದಾಗ ಪಕ್ಕದ ಮನೆಯವಳು ಬಂದು ತನ್ನ ಗೋಳು ಹೇಳಿಕೊಂಡಳು. ಇವರು ತಲೆ ಆಡಿಸಿದರು. ಅವಳಿಗೆ ಹಗುರ ಆಯ್ತು. ಮಾರನೇ ದಿನ ನಾಲ್ಕು ಜನ, ತಿಂಗಳಿಗೆ ನಲವತ್ತು. ಭಾವ ಒಂದು ಕುರ್ಚಿ ತಂದ. ಆಮೇಲೆ ವೇದಿಕೆ. ಆಮೇಲೆ ಹಾಲ್.

"ಆರು ತಿಂಗಳು ಮುಗಿದ ದಿನ ಬಾಯಿ ತೆಗೆದೆ. ಭಾವ ಕೈ ಅಡ್ಡ ಇಟ್ರು. ಹೊರಗೆ ಇನ್ನೂರು ಜನ ಕೂತಿದ್ದಾರೆ, ಈಗ ಮಾತಾಡಿದ್ರೆ ಕಲ್ಲಲ್ಲಿ ಹೊಡೀತಾರೆ ಅಂದ್ರು. ನಾನೂ ಸ್ವಲ್ಪ ಖುಷಿಪಟ್ಟೆ ತಮ್ಮ, ಸುಳ್ಳು ಯಾಕೆ ಹೇಳ್ಲಿ. ಅಲ್ಲಿವರೆಗೆ ನನಗೆ ಅಂತ ಯಾರೂ ಎದ್ದು ನಿಂತು ಕುರ್ಚಿ ಬಿಟ್ಟುಕೊಟ್ಟಿರಲಿಲ್ಲ. ಆದ್ರೆ ನನ್ನ ಗಂಡ ಹೋದ ದಿನ... ಅವತ್ತೂ ಅಳೋಕೆ ಬಿಡ್ಲಿಲ್ಲ. ಅತ್ರೆ ಸದ್ದಾಗುತ್ತಲ್ಲ."

ಅಷ್ಟು ಹೇಳಿ ಫ್ಯಾನ್ ಕಡೆ ತಿರುಗಿದರು. ಆಗಲೇ ಮೊದಲನೇ ಒದೆ ಬಿದ್ದದ್ದು. ಈ ಬಸ್ ಸ್ಟ್ಯಾಂಡಿನ ಕಂಟ್ರೋಲರ್ ತಮ್ಮ ಹಳೇ ಗೆಳತಿ, ಹೆರಿಗೆ ರಜೆ ಮೇಲೆ ಹೋದವಳ ಜಾಗದಲ್ಲಿ ತಮ್ಮನ್ನ ಕೂರಿಸಿದ್ದಳು ಅನ್ನೋದನ್ನ ಎರಡನೇ ಒದೆಗೂ ಮೂರನೇ ಒದೆಗೂ ಮಧ್ಯೆ ಹೇಳಿ ಮುಗಿಸಿದರು.

ನಾಲ್ಕನೇ ಒದೆಗೆ ಎರಡನೇ ಸ್ಕ್ರೂ ಹಾರಿತು.

"ಅಮ್ಮ, ಹೊರಗೆ ಯಾವ ಬಸ್ಸಿಗೆ ಜಾಸ್ತಿ ಜನ ಕಾಯ್ತಿದ್ದಾರೆ?"

"ಕಾರ್ಖಾನೆ ಗೇಟಿನದ್ದು. ಸಂಜೆ ಪಾಳಿಯವರು. ಮುನ್ನೂರು ಜನ ಇರ್ತಾರೆ, ಬಸ್ಸಲ್ಲಿ ಸೀಟು ಐವತ್ತು."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅವರು ನಕ್ಕರು. ಬಟನ್ ಒತ್ತಿದರು.

"ಪ್ರಯಾಣಿಕರೇ, ದಯವಿಟ್ಟು ಗಮನಿಸಿ. ಕಾರ್ಖಾನೆ ಗೇಟಿಗೆ ಹೋಗುವ ಬಸ್ಸು ಇಂದು ಅನೌನ್ಸ್‌ಮೆಂಟ್ ಬೂತಿನ ಪಕ್ಕದಲ್ಲಿ ನಿಲ್ಲಲಿದೆ." ಒಂದು ಕ್ಷಣ ಬಿಟ್ಟರು. "ಸೀಟುಗಳು ಖಾಲಿ ಇವೆ."

ನೆಲ ಅದುರಿತು.

ಗುಬ್ಬಿ "ಏಯ್, ಏಯ್..." ಅಂದದ್ದು ಕೇಳಿಸಿತು, ಮೊದಲು ಹತ್ತಿರದಿಂದ, ಆಮೇಲೆ ದೂರದಿಂದ. ಬಾಗಿಲು ತೆಗೆದು ನೋಡಿದರೆ ಟಿಫಿನ್ ಬ್ಯಾಗುಗಳ ಪ್ರವಾಹ. ನೂರಾ ಹತ್ತು ಕೇಜಿ ಅದರಲ್ಲಿ ಹುಲ್ಲುಕಡ್ಡಿ. ನಾವು ತಲೆ ತಗ್ಗಿಸಿ ಗೋಡೆ ಹಿಡಿದು ಡಿಪೋ ಕಡೆಗೆ ಓಡಿದೆವು.

ಡಿಪೋದಲ್ಲಿ ಬಸ್ ತೊಳೆಯೋ ಶೆಡ್. ನೆಲದ ತುಂಬ ಸೋಪಿನ ನೊರೆ. ಅರ್ಧ ದಾಟಿದ್ದೆವು, ನನ್ನ ಕಾಲರ್ ಹಿಂದಿನಿಂದ ಬಿಗಿಯಿತು. ಗುಬ್ಬಿ. ಅಂಗಿ ಹರಿದಿತ್ತು, ಒಂದು ಚಪ್ಪಲಿ ಇರಲಿಲ್ಲ. ನನ್ನನ್ನ ಬಸ್ಸಿಗೆ ಒಗೆದ. ಪಕ್ಕೆಲುಬಿನಲ್ಲಿ ಏನೋ ಚಟ್ ಅಂತು. ಎರಡನೇ ಏಟು ಹೊಟ್ಟೆಗೆ. ಉಸಿರು ಎಲ್ಲಿಗೋ ಹೋಗಿ ವಿಳಾಸ ಕೊಡದೆ ಕೂತಿತು.

"ಕೇಳಪ್ಪ ಪೈಪ್‌ನವನೇ," ಅಂದರು ಮೌನಮ್ಮ. ಕೂಗಲಿಲ್ಲ. ಅದೇ ಅನೌನ್ಸ್‌ಮೆಂಟ್ ಧ್ವನಿ. "ನೀರು ಈ ಕಡೆ ತಿರುಗಿಸು."

ಬಸ್ ತೊಳೀತಿದ್ದವನು ಯಾಕೆ ಅಂತ ಕೇಳಲಿಲ್ಲ. ಆ ಧ್ವನಿ ಹೇಳಿದ ಕಡೆ ಬಸ್ಸುಗಳೇ ತಿರುಗುತ್ತವೆ, ಪೈಪ್ ಯಾವ ಲೆಕ್ಕ. ನೀರು ಗುಬ್ಬಿಯ ಎದೆಗೆ ಬಡಿಯಿತು. ಅವನು ನೊರೆ ಮೇಲೆ ಒಂದು ಸುತ್ತು ಕುಣಿದು, ಜಾರಿ, ಬಸ್ಸಿನಡಿ ಸೊಂಟದವರೆಗೆ ಹೋಗಿ ಸಿಕ್ಕಿಕೊಂಡ.

"ಹೊರಗೆ ತೆಗೀರೋ," ಅಂದ ಅಲ್ಲಿಂದ.

ನಾವು ಹಿಂದಿನ ಗೇಟು ದಾಟಿದೆವು.

ಅಲ್ಲಿ ಎರಡು ವ್ಯಾನು ನಿಂತಿದ್ದವು.

ಐವತ್ತು ಜನ ಬೂದು ಬಟ್ಟೆಯವರು. ಮಧ್ಯದಲ್ಲಿ ಟ್ರಸ್ಟಿ. ಮೌನಮ್ಮನನ್ನ ಕಂಡದ್ದೇ ಐವತ್ತೂ ಮಂದಿ ಮೊಣಕಾಲೂರಿದರು. ಐವತ್ತು ಬೆರಳು ತುಟಿಗೆ ಹೋದವು. ರಸ್ತೆಯಲ್ಲಿ ಸೈಕಲ್ ಚೈನಿನ ಸದ್ದು ಕೂಡ ಕೇಳೋ ಹಾಗಾಯ್ತು.

"ಅಮ್ಮ ಸಂಚಾರ ಮುಗಿಸಿದ್ದಾರೆ," ಅಂದ ಟ್ರಸ್ಟಿ. ಮುಂದೆ ಬಂದು ಅವರ ತೋಳು ಹಿಡಿದ. ನೋಡೋರಿಗೆ ಭಕ್ತಿ. "ಬನ್ನಿ ಅಮ್ಮ. ಎಲ್ಲ ಸಿದ್ಧವಾಗಿದೆ."

ನನ್ನ ಪಕ್ಕೆ ಉರೀತಿತ್ತು. ಐವತ್ತು ಜನರ ಜೊತೆ ಹೊಡೆದಾಡೋ ವಯಸ್ಸು ನನಗೆ ಯಾವತ್ತೂ ಇರಲಿಲ್ಲ.

ಮೌನಮ್ಮ ಗಂಟಲು ಸರಿ ಮಾಡಿಕೊಂಡರು.

"ನಾನು ಬರಲ್ಲ," ಅಂದರು.

ಐವತ್ತು ತಲೆ ಎದ್ದವು.

"ನಂಗೆ ಮೌನ ಗೀನ ಏನೂ ಇಲ್ಲ. ಗಂಟಲ ಆಪರೇಷನ್ ಆಗಿತ್ತು. ಆರು ತಿಂಗಳು ಸುಮ್ಮನಿರಿ ಅಂದಿದ್ರು ಡಾಕ್ಟರು. ಇವರು ಹನ್ನೊಂದು ವರ್ಷ ಮಾಡಿದ್ರು. ಹಿತ್ತಲಲ್ಲಿ ಕೋಣೆ ಕಟ್ಟಿದ್ದಾರೆ, ಶುಕ್ರವಾರ ನನ್ನನ್ನ ಅದರೊಳಗೆ ಹಾಕಿ ಇಟ್ಟಿಗೆ ಕಟ್ತಾರೆ. ನಾನು ನಿಮ್ಮ ಹಾಗೇ ಒಬ್ಬ ಹೆಂಗಸು. ನನ್ನ ಬಿಡಿಸಿ."

ಯಾರೂ ಅಲುಗಾಡಲಿಲ್ಲ. ಯಾರ ಮುಖದಲ್ಲೂ ನಂಬಿಕೆ ಇಲ್ಲ, ಅಪನಂಬಿಕೆಯೂ ಇಲ್ಲ. ಗೋಡೆ ಮೇಲಿನ ಫೋಟೋ ಎದ್ದು ಬಂದು ಕುಡಿಯೋಕೆ ನೀರು ಕೇಳಿದರೆ ಹೇಗಿರುತ್ತೆ, ಹಾಗೆ.

ಮೌನಮ್ಮನಿಗೆ ಗಾಬರಿಯಾಯ್ತು. ಮುಂದಿನ ಸಾಲಿನಲ್ಲಿ ಒಬ್ಬ ಅಜ್ಜಿ. ತೆಳ್ಳಗೆ, ಕೋಲಿನ ಹಾಗೆ. ಪಕ್ಕದಲ್ಲಿ ಸೊಸೆ. ಮೌನಮ್ಮ ಅಜ್ಜಿಯ ಕಡೆ ಬಗ್ಗಿದರು.

"ನಿಮಗೆ ನಾನು ಗೊತ್ತಲ್ವಾ ಅಜ್ಜಿ? ಪ್ರತಿ ಮಂಗಳವಾರ ಬರ್ತೀರಿ. ಎಲ್ಲ ನನ್ನ ಹತ್ತಿರ ಹೇಳ್ಕೊಂಡಿದ್ದೀರಿ. ಸೊಸೆ ಮಾಡಿದ ಅಡುಗೆಗೆ ಅವಳು ಆ ಕಡೆ ಹೋದಾಗ ಇನ್ನೊಂದು ಚಮಚ ಉಪ್ಪು ಹಾಕ್ತೀನಿ ಅಂತ ಅತ್ತಿದ್ರಲ್ಲ..."

ಸೊಸೆ ನಿಧಾನವಾಗಿ ಅತ್ತೆಯ ಕಡೆ ತಿರುಗಿದಳು.

ಅಜ್ಜಿ ಎದ್ದರು. ಮೊಣಕಾಲು ಎರಡು ಸಲ ಲಟಕ್ ಅಂತು. ಕೈ ಎತ್ತಿ ಮೌನಮ್ಮನ ಕೆನ್ನೆಗೆ ಬಾರಿಸಿದರು. ಏಟಿನ ಸದ್ದಿಗೆ ಕಂಪೌಂಡಿನ ಪಾರಿವಾಳಗಳು ಹಾರಿದವು.

"ಯಾರೇ ನೀನು?" ಅಂದರು ಅಜ್ಜಿ. "ಅಮ್ಮನ ಹತ್ತಿರ ಹೇಳಿದ್ದನ್ನ ಎಲ್ಲಿ ಕದ್ದು ಕೇಳಿದೆ? ನಮ್ಮಮ್ಮ ಮಾತಾಡಲ್ಲ. ಪ್ರಾಣ ಹೋದ್ರೂ ಮಾತಾಡಲ್ಲ. ಮುಖ ಒಂದೇ ಥರ ಇದ್ರೆ ಆಯ್ತಾ? ವೇಷದವಳು ಇವಳು."

"ವೇಷದವಳು," ಅಂದರು ಹಿಂದಿನಿಂದ ಯಾರೋ. ಆಮೇಲೆ ಹತ್ತು ಜನ. ಆಮೇಲೆ ಎಲ್ಲರೂ. ಈಗ ಮುಖಗಳಿಗೆ ಜೀವ ಬಂತು. ಹೆಗಲಿಂದ ಭಾರ ಇಳಿದವರ ಹಾಗಿದ್ದರು.

ಮೌನಮ್ಮ ಕೆನ್ನೆ ಹಿಡಿದು ನಿಂತಿದ್ದರು. ಅಲ್ಲಿದ್ದ ಐವತ್ತು ಜನರ ಐವತ್ತು ಗುಟ್ಟು ಅವರ ಹೊಟ್ಟೆಯಲ್ಲಿತ್ತು. ಒಂದೊಂದೇ ಹೊರಗೆ ಹಾಕಿದ್ದರೆ ಆ ರಸ್ತೆಯಲ್ಲಿ ಅವತ್ತು ಐವತ್ತು ಮನೆ ಮುರೀತಿತ್ತು. ಅವರು ಒಬ್ಬೊಬ್ಬರ ಮುಖವನ್ನೂ ನೋಡಿದರು. ಬಾಯಿ ತೆಗೆದರು. ಮುಚ್ಚಿದರು.

ನಾನು ಟ್ರಸ್ಟಿಯ ಮುಖ ನೋಡ್ತಾ ಇದ್ದೆ. ಹೌದು ಇವರೇ ಅಮ್ಮ ಅಂದರೆ, ಅಮ್ಮ ಮಾತಾಡ್ತಾರೆ ಅಂತಾಯ್ತು. ಅಲ್ಲ ಅಂದರೆ, ಹಿಡಿದ ತೋಳು ಬಿಡಬೇಕು. ಹಣೆಯಲ್ಲಿ ಬೆವರು ಮೂಡಿತು. ನಾನು ಅವನ ಕಿವಿ ಹತ್ತಿರ ಹೋದೆ.

"ಕಲ್ಲು ಕೆತ್ತಾಗಿದೆ," ಅಂದೆ ಮೆಲ್ಲಗೆ. "ಖಾಲಿ ಕೋಣೆ ಮುಚ್ಚಿಬಿಡಿ. ಒಳಗೆ ಯಾರಿದ್ದಾರೆ ಅಂತ ಯಾರೂ ಒಡೆದು ನೋಡಲ್ಲ. ಆದ್ರೆ ಆಮೇಲೆ ಇವರಿಗೆ ಏನಾದ್ರೂ ಆದ್ರೆ ಪೋಸ್ಟ್‌ಮಾರ್ಟಮ್ ಆಗುತ್ತೆ. ಬೆರಳಚ್ಚು ತೆಗೀತಾರೆ. ಶುಕ್ರವಾರ ಸತ್ತವರು ಇನ್ನೊಂದು ಸಲ ಹೇಗೆ ಸತ್ರು ಅಂತ ಕೇಳೋಕೆ ನಿಮ್ಮ ಮನೆಗೇ ಬರ್ತಾರೆ. ಸಮನ್ಸ್ ನಾನೇ ತಂದುಕೊಡ್ತೀನಿ, ಹಳೇ ಚಟ."

ಟ್ರಸ್ಟಿ ತೋಳು ಬಿಟ್ಟ.

"ಇವರು ಅಮ್ಮ ಅಲ್ಲ," ಅಂದ ಗಟ್ಟಿಯಾಗಿ. "ಅಮ್ಮ ನಿನ್ನೆಯೇ ಒಳಗೆ ಹೋಗಿದ್ದಾರೆ. ಯಾರಿಗೂ ಕಾಣಿಸಿಕೊಳ್ಳಲ್ಲ."

ಐವತ್ತು ಬೆರಳು ತುಟಿಗೆ ಹೋದವು. ವ್ಯಾನುಗಳು ಹೊರಟವು. ಕಿಟಕಿಯಿಂದ ಸೊಸೆಯ ಮುಖ ಮಾತ್ರ ಕಾಣ್ತಿತ್ತು, ಅತ್ತೆಯನ್ನೇ ನೋಡ್ತಿದ್ದಳು.

ಮೌನಮ್ಮನನ್ನ ಸ್ಕೂಟರಿನ ಹಿಂದೆ ಕೂರಿಸಿಕೊಂಡು ನನ್ನ ಅಕ್ಕನ ಮನೆಗೆ ಕರ್ಕೊಂಡು ಹೋದೆ. ಅಕ್ಕ ಕೆಲಸಕ್ಕೆ ಹೋಗೋ ಹೆಂಗಸರಿಗೆ ಅಂತ ಹಾಸ್ಟೆಲ್ ನಡೆಸ್ತಾಳೆ. ದಾರಿಯುದ್ದಕ್ಕೂ ಹಿಂದಿನಿಂದ ಒಂದು ಮಾತಿಲ್ಲ. ಎರಡು ಸಲ ತಿರುಗಿ ನೋಡಿದೆ, ಬಿದ್ದು ಗಿದ್ದು ಹೋದರಾ ಅಂತ.

ಅಕ್ಕ ಒಂದು ರೂಮು ಕೊಟ್ಟಳು. ಬಾಗಿಲು ಹಾಕಿದ ಐದು ನಿಮಿಷಕ್ಕೆ ಒಳಗಿನಿಂದ ಅಳು ಶುರುವಾಯ್ತು. ಗಂಡನ ಹೆಸರು ಹಿಡಿದು, ಜೋರಾಗಿ, ಬಿಡಿಸಿ ಬಿಡಿಸಿ. ಎಷ್ಟೋ ವರ್ಷದ ಬಾಕಿ. ಅಕ್ಕ ಹೋಗಿ ಸಮಾಧಾನ ಮಾಡಲಿಲ್ಲ. ಟಿವಿ ಸೌಂಡ್ ಜಾಸ್ತಿ ಮಾಡಿದಳು, ಅಕ್ಕಪಕ್ಕದ ರೂಮಿನವರು ಬಂದು ಏನಾಯ್ತು ಅಂತ ಕೇಳಬಾರದಲ್ಲ.

ಶುಕ್ರವಾರ ಖಾಲಿ ಕೋಣೆಗೆ ಇಟ್ಟಿಗೆ ಕಟ್ಟಿದರು. ಜನ ಮೊದಲಿಗಿಂತ ಮೂರು ಪಟ್ಟು ಬಂದಿದ್ದರಂತೆ.

ಮುಂದಿನ ವಾರ ನನ್ನ ರೂಮಿನ ಮೆಟ್ಟಿಲ ಮೇಲೆ ಲಟಕ್, ಲಟಕ್ ಅಂತ ಸದ್ದು. ಅದೇ ಅಜ್ಜಿ. ಬೂದು ಬಟ್ಟೆ. ಕುರ್ಚಿ ಎಳೆದು ಕೊಟ್ಟೆ.

"ಹೇಗಿದ್ದಾಳೆ?" ಅಂದರು.

"ಯಾರು?"

"ನಾಟಕ ಬೇಡಪ್ಪ. ಅಮ್ಮ."

ನಾನು ಎದ್ದು ಮೆಟ್ಟಿಲ ಕಡೆ ಇಣುಕಿ ಬಂದೆ, ಜೊತೆಗೆ ಯಾರಾದ್ರೂ ಬಂದಿದ್ದಾರಾ ಅಂತ.

"ಹನ್ನೊಂದು ವರ್ಷ ಎದುರಿಗೆ ಕೂತಿದ್ದೀನಿ. ನನಗೆ ಗೊತ್ತಾಗಲ್ವಾ? ಅವನು ಅವಳ ತೋಳು ಹಿಡಿದಿದ್ದ. ಬೆರಳು ಬಿಳಿಚಿಕೊಂಡಿತ್ತು, ಅಷ್ಟು ಬಿಗಿಯಾಗಿ. ದೇವರನ್ನ ಯಾರೂ ಹಾಗೆ ಹಿಡಿಯಲ್ಲ. ನಾನು ಹೌದು ಇವಳೇ ಅಮ್ಮ ಅಂದಿದ್ರೆ ಹೊತ್ತುಕೊಂಡು ಹೋಗ್ತಿದ್ದ. ಅಲ್ಲ ಅಂದ್ರೆ ಬಿಡಬೇಕಾಗ್ತಿತ್ತು. ಅಷ್ಟು ಬುದ್ಧಿ ನನಗೂ ಇದೆ."

ನೀರಿನ ಲೋಟ ಅವರ ಮುಂದಿಟ್ಟೆ.

"ಈಗಲೂ ಹಾಲ್‌ಗೆ ಹೋಗ್ತೀರಾ ಅಜ್ಜಿ?"

"ಹೋಗದೆ? ಮನೇಲಿ ಯಾರಿದ್ದಾರೆ ನನ್ನ ಮಾತು ಕೇಳೋಕೆ. ಸೊಸೆ ಮಾತು ಬಿಟ್ಟು ಎಂಟು ದಿನ ಆಯ್ತು."

ಎದ್ದರು. ಬಾಗಿಲ ಹತ್ತಿರ ನಿಂತರು.

"ಏಟು ಸ್ವಲ್ಪ ಜೋರಾಯ್ತು ಅಂತ ಹೇಳು ಅವಳಿಗೆ. ಅರ್ಧ ಅವಳನ್ನ ಉಳಿಸೋಕೆ ಹೊಡೆದಿದ್ದು." ಮೊದಲ ಮೆಟ್ಟಿಲು ಇಳಿದರು. "ಇನ್ನರ್ಧ ಉಪ್ಪಿಗೆ."